ಬೀರುವಿನೊಳಗಿನ ಹಬ್

ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಒಂದೇ ಚಿಂತೆ ಅವಳನ್ನು ಬಿಟ್ಟೂ ಬಿಡದೆ ಕಾಡುತ್ತಿತ್ತು. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದೇ ಇರಬೇಕು. ಸೋಪಿನ ನೊರೆ ಮೈಮೇಲಿರುವಾಗಲೇ ಓಡಿ ಬಂದು, ತೊಟ್ಟಿಲಿಗೆ ಬಗ್ಗಿ, ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಬೇಕು. ಅದು ಎಚ್ಚರವಾಗಿ ಕಿರುಚಿಕೊಂಡರೇನೇ ಸಮಾಧಾನ.

ಚಿಕ್ಕಂದಿನಲ್ಲಿ ಅಪ್ಪ ಅವಳನ್ನು ‘ದಿಗಿಲುಪುಟ್ಟಿ’ ಎಂದು ಕರೆಯುತ್ತಿದ್ದರು. ಮುಂದೆ ಔಷಧಿ ಕಂಪನಿಯೊಂದರಲ್ಲಿ ಮಾತ್ರೆ ಪರೀಕ್ಷಿಸುವ ಕೆಲಸ ಸಿಕ್ಕಾಗ ಆ ದಿಗಿಲೇ ಕೈ ಹಿಡಿಯಿತು. ನೋಡಿದ್ದನ್ನೇ ಮತ್ತೆ ನೋಡುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದಕ್ಕೇ ಕಾಯಿಲೆ ಎಂದು ಹೆಸರಾಯಿತು.

ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದ್ದಳು. ಅದಕ್ಕೆಂದೇ ಗಂಡ ತೊಟ್ಟಿಲ ಹಾಸಿಗೆಯಡಿ ಒಂದು ಸೆನ್ಸರ್ ಇಡಿಸಿದ್ದ. ಮಗು ಅಲುಗಾಡದಿದ್ದರೆ ಫೋನು ಕೂಗಬೇಕು. ಮನೆಯ ಲೈಟು, ಬಾಗಿಲ ಬೀಗ, ಈ ಸೆನ್ಸರ್ ಎಲ್ಲವೂ ಹಬ್ ಎಂಬ ಒಂದು ಪುಟ್ಟ ಬಿಳಿ ಪೆಟ್ಟಿಗೆಯ ಹಿಡಿತದಲ್ಲಿದ್ದವು. ಆ ಹಬ್ ಅನ್ನು ಗಂಡ ಮಲಗುವ ಕೋಣೆಯ ಸ್ಟೀಲ್ ಬೀರುವಿನಲ್ಲಿಟ್ಟು, ಹಿಂದಿನ ತೂತಿನಿಂದ ವೈರು ಎಳೆದು, ಬೀಗ ಹಾಕಿದ್ದ.

"ಹೊರಗಿಟ್ರೆ ನೀನು ಮುಟ್ಟಿ ಮುಟ್ಟಿನೇ ಸವೆಸಿಬಿಡ್ತೀಯ," ಎಂದು ನಕ್ಕು, ಬೀರುವಿನ ಕೀಯನ್ನು ಸ್ಕೂಟರಿನ ಕೀಗೊಂಚಲಿಗೇ ಸೇರಿಸಿಕೊಂಡಿದ್ದ.

ಬೆಳಿಗ್ಗೆ ಅವನು ಬೀರುವಿಗೆ ಬೀಗ ಹಾಕಿ ಆಫೀಸಿಗೆ ಹೊರಟರೆ ಸಾಕು, ಫೋನಿನಲ್ಲಿ ಕೆಂಪು ಚುಕ್ಕೆ: ರೇಡಿಯೋ ಆಫ್‌ಲೈನ್. ಅವಳು ಸೆನ್ಸರಿನ ಬ್ಯಾಟರಿ ಬದಲಿಸಿದಳು. ಮೈಕ್ರೋವೇವ್ ಆರಿಸಿ ನೋಡಿದಳು. ತೊಟ್ಟಿಲನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಎಳೆದಳು. ಹೆಲ್ಪ್‌ಲೈನಿನ ಹುಡುಗಿ, "ಹಬ್ಬಿಗೆ ಇಂಟರ್ನೆಟ್ ಬರ್ತಿದೆ ಮೇಡಂ, ಅದರ ರೇಡಿಯೋ ಸಿಗ್ನಲ್ ಮಾತ್ರ ಸೆನ್ಸರಿಗೆ ಸಿಕ್ತಿಲ್ಲ. ಹಬ್ ಎಲ್ಲಿಟ್ಟಿದ್ದೀರ ನೋಡಿ ಹೇಳ್ತೀರಾ?" ಎಂದಳು. ಕೀ ನನ್ನ ಹತ್ತಿರ ಇಲ್ಲ ಎನ್ನಲು ನಾಚಿಕೆಯಾಗಿ ಫೋನಿಟ್ಟುಬಿಟ್ಟಳು.

ಸಂಜೆ ಗಂಡ ಬಂದು ಬೀರು ತೆರೆದು ನೋಡಿದರೆ ಎಲ್ಲವೂ ಹಸಿರು.

"ನಾನು ನೋಡಿದಾಗ ಸರಿಯಾಗೇ ಇರುತ್ತಲ್ಲ? ಮೆಷಿನ್ನಿಗೂ ನಿನ್ನ ಕಂಡ್ರೆ ಆಗಲ್ವೇನೋ!"

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ದಿನ ಊಟದ ನಡುವೆ ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಭಾನುವಾರ ಅಮ್ಮ ಬರ್ತಾರೆ. ಕೆಲವು ತಿಂಗಳು ಮಗು ಊರಲ್ಲಿ ಅವರ ಜೊತೆ ಇರಲಿ. ಅಷ್ಟರಲ್ಲಿ ನೀನೂ ಒಂದು ಹದಕ್ಕೆ ಬರ್ತೀಯ."

ಎದೆಹಾಲು ಕುಡಿಯುವ ಕೂಸು! ಅತ್ತೆಗೆ ಫೋನ್ ಮಾಡಿ ಕೇಳೋಣವೆಂದರೆ ಧೈರ್ಯವಿಲ್ಲ. ಮದುವೆಯಾದಾಗಿನಿಂದ ಅವರಿಬ್ಬರ ನಡುವಿನ ಮಾತೆಲ್ಲ ಅವನ ಬಾಯಿಂದಲೇ ಹೋಗಿ ಅವನ ಬಾಯಿಂದಲೇ ಬರುತ್ತಿತ್ತು.

ಶುಕ್ರವಾರ ಅವನು ಅವಸರದಲ್ಲಿ ಶರ್ಟು ಎಳೆದುಕೊಂಡು ಬೀರು ತೆರೆದೇ ಬಿಟ್ಟು ಹೋದ. ಅವತ್ತು ಸಂಜೆಯವರೆಗೂ ಫೋನು ತುಟಿಪಿಟಕ್ಕೆನ್ನಲಿಲ್ಲ. ದೀಪ ಹಾಕುವ ಹೊತ್ತಿಗೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ದಾರಿಗೆ ಅಡ್ಡವಾಗಿದ್ದ ಬೀರುವಿನ ಬಾಗಿಲನ್ನು ಸೊಂಟದಿಂದ ತಳ್ಳಿದಳು. ಕೋಣೆಯಿಂದಾಚೆ ಕಾಲಿಡುವಷ್ಟರಲ್ಲಿ ಫೋನು ಕೂಗಿಕೊಂಡಿತು. ಕೆಂಪು! ಬಾಗಿಲು ತೆರೆದು ಕಾದಳು: ಹಸಿರು. ಮುಚ್ಚಿದಳು: ಕೆಂಪು. ಕಬ್ಬಿಣದ ಡಬ್ಬದೊಳಗೆ ಕೂಡಿಟ್ಟು, ಮಾತಾಡು ಮಾತಾಡು ಎಂದರೆ ಆ ಬಡಪಾಯಿ ಎಲ್ಲಿಂದ ಮಾತಾಡೀತು? ನಗು ಬಂತು, ಹಿಂದೆಯೇ ಅಳುವೂ ಬಂತು.

ಗಂಡ ಬಂದು ಶೂ ಬಿಚ್ಚುವುದನ್ನೂ ಕಾಯದೆ ತೋರಿಸಿದಳು. "ರೀ, ನೋಡಿ. ನೀವು ತೆರೆದು ನೋಡ್ತೀರ, ಅದಕ್ಕೇ ಸರಿ ಇರುತ್ತೆ. ಮುಚ್ಚಿದ್ರೆ ಹೋಗುತ್ತೆ. ನಂದೇನೂ ತಪ್ಪಿರಲಿಲ್ಲ."

ಅವನು ಬೀರುವಿನ ಬಾಗಿಲನ್ನೊಮ್ಮೆ ಹಾಕಿ ತೆಗೆದ. "ಸರಿ, ಹೊರಗಿಟ್ರಾಯ್ತು," ಎಂದು ಹಬ್ ಅನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ಹಾಗಾದ್ರೆ ಮಗು?"

"ಅದು ಬೇರೆ ವಿಷಯ. ಇಡೀ ದಿನ ಬೀರು ಬಾಗಿಲು ಹಾಕೋದು ತೆಗೆಯೋದು ಮಾಡ್ಕೊಂಡು ಕೂತಿದ್ದೀಯ ಅಂದ್ರೆ ನೀನೇ ಯೋಚನೆ ಮಾಡು. ಅಮ್ಮಂಗೆ ಹೇಳಾಗಿದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪಿದ್ದಾಗ ತಪ್ಪಿಗೆ ಶಿಕ್ಷೆ, ಸರಿಯಿದ್ದಾಗ ಸರಿಯಿದ್ದುದಕ್ಕೇ ಶಿಕ್ಷೆ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಫೋನು ತೆಗೆದು, ತಾನಾಗಿಯೇ ಎಂದೂ ಒತ್ತದಿದ್ದ ನಂಬರನ್ನು ಒತ್ತಿದಳು.

"ಅತ್ತೆ, ನಾನು."

"ಏನಮ್ಮಾ, ಮಗು ಹುಷಾರಾಗಿದೆ ತಾನೆ?"

"ಹುಷಾರಾಗಿದ್ದಾಳೆ. ಭಾನುವಾರ ಬನ್ನಿ, ನಾಲ್ಕು ದಿನ ಇದ್ದು ಹೋಗಿ. ಆದ್ರೆ ಮಗೂನ ಮಾತ್ರ ಕಳಿಸಲ್ಲ ಅತ್ತೆ."

ಆಚೆ ಕಡೆ ಟಿವಿಯ ಸದ್ದು ನಿಂತಿತು.

"ಇದೇನೇ ಹೀಗಂತೀಯ? ‘ನನ್ನ ಕೈಲಾಗಲ್ಲ, ಅತ್ತೆ ಹತ್ರ ಬಿಟ್ಟುಬಿಡೋಣ’ ಅಂತ ನೀನೇ ಅತ್ಕೊಂಡು ಹೇಳಿದೆಯಂತಲ್ಲ? ಮಂಡಿನೋವು ಇದ್ರೂ, ಪಾಪ ಹುಡುಗಿ ಅಂತ ಒಪ್ಕೊಂಡೆ."

ಅವಳು ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತು ಕೀಗೊಂಚಲು ತಿರುಗಿಸುತ್ತಿದ್ದ ಗಂಡನ ಬೆರಳು ನಿಂತಿತ್ತು.

"ನಾನು ಹಾಗೆ ಹೇಳೇ ಇಲ್ಲ ಅತ್ತೆ," ಎಂದಳು, ಅವನ ಮುಖವನ್ನೇ ನೋಡುತ್ತ. "ತಡೀರಿ, ಸ್ಪೀಕರ್ ಹಾಕ್ತೀನಿ. ನಿಮ್ಮ ಮಗ ಇಲ್ಲೇ ಇದ್ದಾರೆ, ಅವರನ್ನೇ ಕೇಳಿ."