ಅತ್ತೆಯ ಹಲ್ಲು, ನಾನು ಬರೆದ ‘ಇಲ್ಲ’

ವರದಿಗಾರಿಕೆಯಲ್ಲೇ ತಲೆ ನರೆತ ನಾನು ಮೂರು ತಿಂಗಳ ಹಿಂದೆ ಒಂದು ಕಾಗದದ ಮೇಲೆ ತಪ್ಪು ಮಾಹಿತಿ ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ.

ಅದು ಬೀದರಿನ ಒಂದು ದಂತ ಕ್ಲಿನಿಕ್ಕಿನ ಫಾರ್ಮ್. ಔರಾದ್ ಕಡೆಯ ಹಳ್ಳಿಯಿಂದ ನನ್ನ ಸೋದರತ್ತೆ ಕಾಶಮ್ಮ ಬಂದಿದ್ದರು. ಕೆಳಗಿನ ಎರಡು ದವಡೆ ಹಲ್ಲು ಹೋಗಿ ವರ್ಷವಾಗಿತ್ತು. ಕುರಿ ಸಾಕುವ ಮನೆ. ಎಲ್ಲರಿಗೂ ಮಟನ್ ಬಡಿಸಿ, ತಾವು ಸಾರಿನಲ್ಲಿ ರೊಟ್ಟಿ ನೆನೆಸಿ ತಿನ್ನುವುದು ಅವರಿಗೆ ಸಾಕಾಗಿಹೋಗಿತ್ತು.

(ಬಿಚ್ಚಿಡುವ ಹಲ್ಲಿನ ಸೆಟ್ಟಿನ ಮಾತೆತ್ತಿದ್ದೆ. ‘ಹಲ್ಲಂದ್ರ ಚಪ್ಪಲಿ ಏನೋ, ಹೊರಗ ಬಿಟ್ಟು ಮಲಗ್ಲಾಕ?’ ಎಂದಿದ್ದರು.)

ಹಾಗಾಗಿ ಇಂಪ್ಲಾಂಟ್. ಮೂಳೆಗೇ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವುದು. ಫಾರ್ಮ್ ತುಂಬುವ ಕೆಲಸ ನನ್ನದು. ಶುಗರ್, ಬಿಪಿ ಆಯಿತು. ತಂಬಾಕಿನ ಸಾಲು ಬಂತು.

‘ಬೀಡಿ ಸೇದ್ತಿ ಏನತ್ತಿ?’

‘ನಾ ಏನ್ ಗಂಡಸಾ?’

‘ಗುಟ್ಕಾ?’

‘ಥೂ.’

‘ಎಲಿ ಜೋಡಿ ತಂಬಾಕು?’

‘ಒಂದಿನನೂ ಇಲ್ಲಪಾ. ಆಣಿ ಮಾಡ್ಲೇನು?’

‘ಇಲ್ಲ’ ಎಂದು ಬರೆದೆ. ಮೂರು ಪ್ರಶ್ನೆ, ಮೂರು ಸ್ಪಷ್ಟ ಉತ್ತರ. ಇನ್ನೇನು ಬೇಕು?

ಡಾಕ್ಟರ್ ಭಾಲ್ಕಿ ಕಡೆಯ ಹೆಣ್ಣುಮಗಳು. ಸ್ಕ್ಯಾನ್ ತೆಗೆಸಿ, ಮೂಳೆ ಎಷ್ಟು ಎತ್ತರ, ಎಷ್ಟು ದಪ್ಪ, ಅಡಿಯಲ್ಲಿ ನರ ಎಷ್ಟು ದೂರ, ಎಲ್ಲವನ್ನೂ ಪರದೆಯ ಮೇಲೆ ಅಳೆದು ತೋರಿಸಿದರು. ‘ಮೂಳಿ ಛಲೋ ಅದರಿ’ ಎಂದರು. ಇನ್ನೇನು ತಾರೀಖು ಬರೆಯಬೇಕು, ಅತ್ತೆಯ ತುಟಿ ಸರಿಸಿ ವಸಡು ನೋಡಿದವರು ಪೆನ್ನು ಕೆಳಗಿಟ್ಟರು.

‘ಅವ್ವಾ, ಮುಂಜಾನಿ ಹಲ್ಲಿಗಿ ಏನ್ ಹಚ್ತೀರಿ?’

‘ಮಿಸ್ರಿ’ ಎಂದರು ಅತ್ತೆ, ಪೇಸ್ಟ್ ಎಂದಷ್ಟೇ ಸಹಜವಾಗಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿಯೇ ಮಿಸ್ರಿ.

‘ಅತ್ತಿ, ಅದು ತಂಬಾಕಲ್ಲೇನು?’

‘ಹುರದ ಮ್ಯಾಲ ಎಲ್ಲೀದು ತಂಬಾಕು? ಅದು ಹಲ್ಲಿನ ಪುಡಿ.’

ಅತ್ತೆ ಸುಳ್ಳು ಹೇಳಿರಲಿಲ್ಲ. ಬಾಯಿಗೆ ಏನು ಹಾಕಿಕೊಳ್ಳುತ್ತೀ ಎಂದು ಕೇಳಿದ್ದೆ. ಹಲ್ಲಿಗೆ ಏನು ಹಚ್ಚುತ್ತೀ ಎಂದು ಕೇಳಿರಲಿಲ್ಲ. ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆಯುವವನು ನಾನು.

‘ನಮ್ಮಜ್ಜಿನೂ ತಿಕ್ತಿದ್ಲರಿ’ ಎಂದರು ಡಾಕ್ಟರ್. ‘ಸ್ಕ್ರೂ ನಾ ಹಾಕ್ತೇನಿ, ಆದ್ರ ಹಿಡಕೋಬೇಕಾದ್ದು ಮೂಳಿ. ಮಿಸ್ರಿ ಇದ್ರ ಗಾಯ ಮಾಯಲಾಕ ತಡ ಆಗ್ತದ, ಸ್ಕ್ರೂ ಸಡಲಾಗಿ ಕೈಗಿ ಬರಬಹುದು. ಎರಡು ತಿಂಗಳು ಬಿಟ್ಟು ಬರ್ರಿ. ಆಮ್ಯಾಲೂ ಮುಟ್ಟಬ್ಯಾಡ್ರಿ.’

ಅತ್ತೆಯನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಬಸ್ಸು ಬಂದ ಮೇಲೆ ಹೇಳಿದರು: ‘ಪುಡಿ ಬಿಡಬಹುದು ತಮ್ಮಾ. ಕಟ್ಟಿ ಹ್ಯಾಂಗ ಬಿಡ್ಲಿ?’

ಆಗ ಅರ್ಥವಾಯಿತು. ದಿನಾ ಬೆಳಿಗ್ಗೆ ಅತ್ತೆಯ ಮನೆ ಮುಂದಿನ ಕಟ್ಟೆಯಲ್ಲಿ ಐದು ಜನ ಹೆಂಗಸರು, ಬಾಯಲ್ಲಿ ಬೆರಳು, ಅರ್ಧ ಗಂಟೆ ಊರಿನ ಸುದ್ದಿ. (ನಮ್ಮ ಪತ್ರಿಕೆಯ ಬೆಳಗಿನ ಮೀಟಿಂಗ್ ಇಷ್ಟು ಸರಿಯಾದ ಸಮಯಕ್ಕೆ ಎಂದೂ ಶುರುವಾಗಿಲ್ಲ.) ಮಿಸ್ರಿ ಬಿಟ್ಟವಳಿಗೆ ಅಲ್ಲೇನು ಕೆಲಸ? ಅತ್ತೆ ಎರಡು ವಾರವೂ ತಡೆಯಲಾರರು ಎಂದುಕೊಂಡೆ.

ಅದೂ ತಪ್ಪಾಯಿತು. ಕಳೆದ ವಾರ ಅತ್ತೆ ಬೀದರಿಗೆ ಬಂದರು. ವಸಡು ನೋಡಿದ ಡಾಕ್ಟರ್ ಮುಖ ಅರಳಿತು. ‘ಕಟ್ಟಿ ಬಿಟ್ಟಿ ಏನತ್ತಿ ಮತ್ತ?’ ಎಂದೆ ನಾನು.

‘ಯಾಕ ಬಿಡ್ಲಿ? ಅವ್ರ ಬಾಯಾಗ ಬೆರಳು, ನನ್ ಬಾಯಿ ಖಾಲಿ. ಈಗ ಮಾತೆಲ್ಲಾ ನಂದೇ.’

ಒಂದು ಗಂಟೆಯೊಳಗೆ ಎರಡು ಸ್ಕ್ರೂ ಕೂತವು. ಮೂಳೆ ಅವನ್ನು ಹಿಡಿದುಕೊಂಡರೆ ಮೂರು ತಿಂಗಳ ಮೇಲೆ ಹಲ್ಲು, ಆಮೇಲೆ ಮಟನ್. ಸದ್ಯ ಗಂಜಿ.

ಕ್ಲಿನಿಕ್ಕಿನ ಫಾರ್ಮಿನಲ್ಲಿ ಈಗ ಪೆನ್ನಿನಲ್ಲಿ ಬರೆದ ಒಂದು ಹೊಸ ಸಾಲಿದೆ: ‘ಬೆಳಿಗ್ಗೆ ಹಲ್ಲಿಗೆ ಏನು ಹಚ್ಚುತ್ತೀರಿ?’

ನಿಮ್ಮ ಮನೆಯಲ್ಲಿ ಇದನ್ನು ಯಾರಾದರೂ ಕೇಳಿದ್ದೀರಾ?