ಸೋದರಮಾವ ಸಹಿ ಹಾಕಿದ ನೀರು

ನಮ್ಮ ಸೋದರಮಾವ ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್. ಕೋಪ ಸದಾ ಮೂಗಿನ ತುದಿಯಲ್ಲೇ. ಅವನ ಸೈಕಲ್ ಬೀದಿಗೆ ತಿರುಗಿತೆಂದರೆ ಹೋಟೆಲಿನವರು ಪಾತ್ರೆಗಳಿಗೆ ಮುಚ್ಚಳ ಹುಡುಕುತ್ತಿದ್ದರು, ಹಾಲಿನವನಿಗೆ ಬೇರೆ ದಾರಿ ನೆನಪಾಗುತ್ತಿತ್ತು. ಲಂಚ ಮುಟ್ಟಿದವನಲ್ಲ. ಆ ಹೆಮ್ಮೆ ಮಾವನಿಗಿಂತ ಅತ್ತೆಗೇ ಹೆಚ್ಚು. "ಇವರು ನೋಡಿದ ನೀರು ಅಂದ್ರೆ ಕಣ್ಣು ಮುಚ್ಕೊಂಡು ಕುಡೀಬಹುದು," ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು.

ಯುದ್ಧ ಬಂತು. ಬಾಂಬಿಗೆ ಮನೆ ಕಳೆದುಕೊಂಡ ಮುನ್ನೂರು ಜನ ಗಿರಣಿಯ ನೆಲಮಾಳಿಗೆ ಸೇರಿದರು. ಮಾವ, ಅತ್ತೆಯೂ ಅಲ್ಲೇ. ಅಷ್ಟು ಜನಕ್ಕೂ ಒಂದೇ ತೊಟ್ಟಿ. ಮೊದಲಾದರೆ ಮಾವ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ, ಬಟ್ಟಲು ನೀರಿಗೆ ಪರೀಕ್ಷೆಯ ಔಷಧಿ ಹನಿಸಿ, ನೀಲಿ ಬಣ್ಣ ಬಂದರಷ್ಟೇ ಸಹಿ ಹಾಕುತ್ತಿದ್ದ. ಈಗ ಆ ಔಷಧಿ ಬರುವುದು ನಿಂತಿತು. ಬಂದ ಪೌಡರೂ ಸತ್ವ ಹೋದದ್ದು. ಮೇಲಧಿಕಾರಿಯನ್ನು ಕೇಳಿದರೆ, "ಇಪ್ಪತ್ತು ವರ್ಷದ ಸರ್ವಿಸು, ಮೂಸಿ ನೋಡಿದ್ರೆ ಗೊತ್ತಾಗಲ್ವೇನ್ರೀ?" ಎಂದರು. ಪೌಡರಿನ ಘಾಟು ಬಂದರೆ ನೀರು ಸರಿಯಿದೆ ಎಂದುಕೊಂಡು ಮಾವ ಮೂಸಿ ಮೂಸಿ ಸಹಿ ಹಾಕತೊಡಗಿದ. ಬೇರೆ ದಾರಿಯಾದರೂ ಏನಿತ್ತು, ಹೇಳಿ!

ಹತ್ತನೆಯ ದಿನ ಅತ್ತೆಗೆ ವಾಂತಿಭೇದಿ ಹಿಡಿಯಿತು. ಎಲ್ಲಿಯ ನೀರು ಕುಡಿದಿರೆಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಗಿರಣಿ ಹಿಂದೆ ಹಾಳುಬಾವಿ ಇದೆಯಲ್ಲ, ಅದರದ್ದು," ಎಂದಳು ಅತ್ತೆ.

ಮಾವ ಬೈಯುತ್ತಲೇ ಅವಳ ಹತ್ತಿರ ಬಗ್ಗಿದ. ಪಕ್ಕದಲ್ಲಿದ್ದ ನನ್ನಮ್ಮ, ಅಂದರೆ ಅವನ ತಂಗಿ, ಮೂಗು ಮುಚ್ಚಿಕೊಂಡಳು.

"ಅಣ್ಣಾ, ಆ ಕೋಟು ಆಚೆ ಬಿಚ್ಚಿಟ್ಟು ಬಾರೋ. ಪೌಡರ್ ಘಾಟಿಗೆ ಅತ್ತಿಗೆಗೆ ಇನ್ನಷ್ಟು ವಾಂತಿ ಬರುತ್ತೆ."

ಮಾವ ತೋಳು ಮೂಸಿದ. ಅಂಗೈ ಮೂಸಿದ. ನಿಂತಲ್ಲೇ ಬಿಳಿಚಿಕೊಂಡ. ಇಷ್ಟು ದಿನ ತೊಟ್ಟಿಗೆ ಬಗ್ಗಿದಾಗ ಮೂಗಿಗೆ ಬಡಿದದ್ದು ನೀರಿನ ವಾಸನೆಯಲ್ಲ, ತನ್ನ ತೋಳಿಗೆ ವರ್ಷಗಳಿಂದ ಅಂಟಿದ್ದ ಪೌಡರಿನದೇ.

"ಆ ಬಾವಿಗೆ ಹಗ್ಗಾನೇ ಇಲ್ಲವಲ್ಲೇ," ಎಂದ.

ಅತ್ತೆ ಅವನ ಕೈ ಅದುಮಿದಳು. "ಸುಮ್ನಿರಿ ಅಂದೆ. ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತೆ."

ಮಾವ ಕೈ ಬಿಡಿಸಿಕೊಂಡ. ಡಾಕ್ಟರ ಕಡೆ ತಿರುಗಿದ. "ಇವಳು ಸುಳ್ಳು ಹೇಳ್ತಿದ್ದಾಳೆ ಡಾಕ್ಟ್ರೇ. ಕುಡಿದದ್ದು ತೊಟ್ಟಿ ನೀರು, ಸಹಿ ನಂದೇ. ಮೊದಲು ಅದನ್ನ ಮುಚ್ಚಿಸಿ."

ಮಧ್ಯಾಹ್ನವೇ ತೊಟ್ಟಿ ಖಾಲಿ ಮಾಡಿದರು. ಅಷ್ಟರಲ್ಲಿ ಹನ್ನೊಂದು ಜನ ಮಲಗಿದ್ದರು, ನಾಲ್ವರು ಏಳಲೇ ಇಲ್ಲ. ಉಳಿದವರು ಉಳಿದರು. ಉಳಿದವರೇ ಮಾವನಿಗೆ ಬೀದಿಯಲ್ಲಿ ಕಲ್ಲು ಹೊಡೆದರು. ಅದನ್ನಾದರೂ ಅವನು ಹಲ್ಲುಕಚ್ಚಿ ಸಹಿಸಿದ. ಅತ್ತೆ ಇನ್ನೆರಡು ದಿನ ಬದುಕಿದ್ದಳು. ಮಾವ ಕುದಿಸಿ ಆರಿಸಿದ ನೀರನ್ನು ಚಮಚದಲ್ಲಿ ಹಿಡಿದು ಕೂತರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅದೇ ಚಮಚ ನನ್ನಮ್ಮ ಹಿಡಿದರೆ ಬಾಯಿ ತೆರೆಯುತ್ತಿದ್ದಳು.