ಎರಡನೇ ಬಡಿತ

ಹೋದ ವಾರ ಮೊಣಕಾಲು ಬಾತಿತು. ಮಡಕೆಯ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಮೇಲೆ ಹಾಕಿಕೊಂಡೆ. ಆ ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಂಪೌಂಡರ್ ಕಾಕಾ ನೆನಪಾದರು...

ಎಂಬತ್ತರ ದಶಕದ ಕೊನೆಯ ಮಾತು. ನನಗಾಗ ಹತ್ತೊಂಬತ್ತು. ದಢೇಸುಗೂರಿನ ಗದ್ದೆಗಳಿಗೆ ನಾಟಿಗೆ ಹೋಗಿ ಬಂದವಳ ಬಲ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಕಾಲು ಊದಿದರೆ ಕಬ್ಬಿಣ ಕಾಸಿ ಬರೆ ಹಾಕಿಸುವುದು ನಮ್ಮವರ ರೂಢಿ. ಶನಿವಾರ ಬರೆ ಹಾಕುವವನನ್ನು ಕರೆಸುವುದೆಂದು ಅವ್ವ ನಿಶ್ಚಯಿಸಿಬಿಟ್ಟಳು. ಮೊದಲೇ ಬಾಯಿ ಜೋರಿನವಳು ನಾನು, ಕಿರುಚಾಡಿದೆ. ಯಾರು ಕೇಳಬೇಕು!

ಆ ಗಲಾಟೆ ಕೇಳಿಯೇ ಕಾಕಾ ಬಂದರು. ಸರಕಾರಿ ದವಾಖಾನೆಯಿಂದ ನಿವೃತ್ತರಾಗಿ ಒಬ್ಬರೇ ಇದ್ದವರು. ಬಿಸಿ ನೋಡಲು ಕಣ್ಣು ಮುಚ್ಚಿ, ಕೈಯ ಹಿಂಬದಿಯನ್ನು ಮೊದಲು ಒಳ್ಳೆಯ ಮೊಣಕಾಲಿಗೆ, ಆಮೇಲೆ ಊದಿದ್ದಕ್ಕೆ ಮುಟ್ಟಿಸಿದರು. ಮೊಣಕಾಲಿನ ಮೇಲ್ಭಾಗ ಒತ್ತಿ ಹಿಡಿದು ಚಿಪ್ಪನ್ನು ಬೆರಳಿನಿಂದ ಅದುಮಿದರು. ಚಿಪ್ಪು ನೀರಿನಲ್ಲಿ ಮುಳುಗಿದಂತಾಗಿ ಒಳಗೆ ‘ಟಕ್’ ಎಂದಿತು.

“ಎಲುಬು ಚಲೋ ಐತಿ. ಕೀಲಿನ ಒಳಗಿನ ಪೊರೆ ಕೆರಳಿ ನೀರು ಬಿಟ್ಟೈತಿ,” ಎಂದರು ಅವ್ವನಿಗೆ. “ಸುಡಸಬ್ಯಾಡ ತಂಗೀ. ನನ್ನ ಮಗಳ ಮೊಣಕಾಲೂ ಹಿಂಗ ಬಿಸಿ ಇತ್ತು. ನಾನ ಮುಂದ ನಿಂತು ಬರೆ ಹಾಕಿಸಿದೆ. ಕೀವಾತು, ನಂಜೇರ್ತು... ಹೋದಳು.”

ಬರೆ ಹಾಕುವವನಿಗೆ ಬರಬೇಡವೆಂದು ಅವ್ವ ಹೇಳಿ ಕಳಿಸಿದಳು. ಮರುದಿನ ಕಾಕಾನೇ ಬಸ್ಸಿನಲ್ಲಿ ಸಿಂಧನೂರಿಗೆ ಕರೆದೊಯ್ದರು. ಡಾಕ್ಟರು ಸೂಜಿಯಿಂದ ಹಳದಿ ನೀರು ತೆಗೆದು, ಕೀವಿಲ್ಲವೆಂದು ಖಾತ್ರಿ ಮಾಡಿಕೊಂಡು, ಗುಳಿಗೆ, ತಣ್ಣೀರ ಪಟ್ಟಿ, ವಿಶ್ರಾಂತಿ ಹೇಳಿದರು. ಬಾವು ಇಳಿದ ಮೇಲೆ ದಿನಾ ಹತ್ತು ಸಲ ಕಾಲು ಎತ್ತುವ ವ್ಯಾಯಾಮ. ಎರಡು ಮನೆಗೂ ನಡುವೆ ಒಂದೇ ಗೋಡೆ. ದಿನಾ ಮುಂಜಾನೆ ಆ ಕಡೆಯಿಂದ ಕಾಕಾನ ಬಡಿತ ಕೇಳುತ್ತಿತ್ತು. ಒಂದು ಬಡಿತಕ್ಕೆ ಕಾಲು ನೆಟ್ಟಗೆ ಎತ್ತಬೇಕು, ಎರಡನೆಯದಕ್ಕೆ ಇಳಿಸಬೇಕು.

ಒಂದು ಮುಂಜಾನೆ ಬಡಿತಕ್ಕೆ ಕಾಲು ಎತ್ತಿದ್ದೆ. ಕಿಟಕಿಯಾಚೆ ನೋಡಿದರೆ ಕಾಕಾ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾರೆ! ಅವರ ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಷ್ಟರಲ್ಲಿ ಗೋಡೆಯ ಮೇಲೆ ಎರಡನೇ ಬಡಿತ ಬಿತ್ತು.

“ಕಾಕಾ, ಒಳಗ ಯಾರದಾರ್ರೀ?” ಎಂದು ಕೂಗಿದೆ.

ಅವರು ಕೊಡ ಇಳಿಸಿ ಕಿಟಕಿಯ ಹತ್ತಿರ ಬಂದರು. “ಎರಡನೇದು ಯಾವಾಗಲೂ ನನ್ನ ಮಗಳದ ಇತ್ತವ್ವಾ. ಇವತ್ತ ಮೊದಲನೇದೂ ಆಕೀನ ಬಡದಾಳ. ಹೆದರಬ್ಯಾಡ, ನೀ ಕಾಲು ಎತ್ತು.”

ಎತ್ತಿದೆ. ಕಣ್ಣು ಗೋಡೆಯ ಮೇಲೇ ಇಟ್ಟು ಹತ್ತೂ ಸಲ ಎತ್ತಿದೆ. ಕಾಲು ಉಳಿಯಿತು. ಮದುವೆಯಾಗಿ ಲಿಂಗಸುಗೂರಿಗೆ ಬಂದೆ. ತೊಂಬತ್ತರ ದಶಕದಲ್ಲಿ ಕಾಕಾ ತೀರಿಕೊಂಡರು, ಆಮೇಲೆ ಆ ಗೋಡೆಯನ್ನೂ ಕೆಡವಿದರು. ಅವರ ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಬಾವು ಇಳಿದಿದೆ. ಇಂದು ಮುಂಜಾನೆ ಹಾಸಿಗೆಯಲ್ಲಿ ಕಾಲು ಚಾಚಿ, ಗೋಡೆಗೆ ನಾನೇ ಒಂದು ಸಲ ಬಡಿದು ಕಾಲು ಎತ್ತಿದೆ. ತೊಡೆ ನಡುಗುವವರೆಗೂ ಎತ್ತಿಕೊಂಡೇ ಇದ್ದೆ... ಯಾರೂ ಬಡಿಯಲಿಲ್ಲ.